ಎರಡನೆಯ ಬ್ಯಾನರು ಉಚಿತ

ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶದ ಬ್ಯಾನರುಗಳನ್ನೂ ಮಾಡುತ್ತೇನಾದರೂ ನನಗೆ ಅನ್ನ ಹಾಕುವುದು ಶ್ರದ್ಧಾಂಜಲಿ ಬ್ಯಾನರುಗಳೇ. ನಮ್ಮ ಕಡೆ ಆಸ್ಪತ್ರೆಯಿಂದ ಹೆಣ ಬರುವುದರೊಳಗೆ ಬ್ಯಾನರು ಬಂದಿರಬೇಕು. ಇಲ್ಲದಿದ್ದರೆ ಸತ್ತವರ ಮರ್ಯಾದೆಯೂ ಹೋಯಿತು.

ಕಾಲಕ್ಕೆ ತಕ್ಕಂತೆ ನಾನೂ ಆನ್‌ಲೈನ್ ಆದೆ. ಫೋನಿನಲ್ಲೇ ಫೋಟೋ ಹಾಕಿ, ಹಾರ ಆರಿಸಿ, ಆರ್ಡರ್ ಕೊಡಬಹುದು. ಆದರೆ ಬಹಳ ಮಂದಿ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಇದಕ್ಕೆ ಮೊಬೈಲಿನಲ್ಲಿ ಒಬ್ಬ ಕೋಟುಧಾರಿ ವಿದ್ವಾಂಸರು ಮದ್ದು ಹೇಳಿದರು: ಗಿರಾಕಿಯ ಮನಸ್ಸನ್ನು ಊಹಿಸಬೇಡಿ, ಪ್ರಯೋಗ ಮಾಡಿ. ಅರ್ಧ ಜನರಿಗೆ ಒಂದು ಸಂದೇಶ, ಉಳಿದರ್ಧಕ್ಕೆ ಇನ್ನೊಂದು. ಯಾವುದಕ್ಕೆ ಹೆಚ್ಚು ಉತ್ತರ ಬರುತ್ತದೋ ಅದೇ ಸತ್ಯ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಡುಮ್ಕಿ ಹೊಡೆದಿದ್ದ ನಾನು ಆ ಕ್ಷಣವೇ ವಿಜ್ಞಾನಿಯಾದೆ!

ಅರ್ಧಕ್ಕೆ ಬಿಟ್ಟವರಲ್ಲಿ ಮೊದಲ ಗುಂಪಿಗೆ ಬರೆದೆ: "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು." ಎರಡನೆಯ ಗುಂಪಿಗೆ: "ನಿಮ್ಮ ಬ್ಯಾನರು ನಿಮಗಾಗಿ ಕಾಯುತ್ತಿದೆ. ಇಂದೇ ಮುಗಿಸಿ, ಎರಡನೆಯದು ಉಚಿತ!" ಗುರುತು ಸಿಗಲೆಂದು ಜತೆಗೆ ಅವರವರು ಹಾಕಿದ್ದ ಫೋಟೋ, ಹಾರ ಸಮೇತ.

ಮೊದಲ ಗುಂಪು ಮೌನ. ಎರಡನೆಯ ಗುಂಪಿನಿಂದ ಉತ್ತರಗಳ ಸುರಿಮಳೆ!

"ಸುಶೀಲಾ, ಸತ್ಯ ಸಿಕ್ತು ಕಣೇ!" ಎಂದು ಹೆಂಡತಿಯನ್ನು ಕೂಗಿದೆ.

"ಏನ್ ಬರ್ದವ್ರೆ ಅಂತ ಓದುದ್ರಾ?"

"ವಿಜ್ಞಾನದಲ್ಲಿ ಮೊದ್ಲು ಎಣಿಸ್ಬೇಕು. ಓದೋದು ಆಮೇಲೆ."

ಅವಳೇ ಓದಿದಳು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನನ್ನ ವಂಶಸ್ಮರಣೆ ನಡೆದಿತ್ತು.

ಅಷ್ಟರಲ್ಲಿ ಮಾವನ ಫೋನು. ಮಾವ ಚಾಂಪಿಯನ್ ರೀಫ್ಸ್‌ನವರು, ಅಲ್ಲಿನ ಚಿನ್ನದ ಗಣಿಯ ಧೂಳು ಕುಡಿದ ಎದೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದಾಗ ಭಾವಮೈದ ಮುನಿರಾಜು, ಕೈಗೆ ಸಿಕ್ಕ ಅಪ್ಪನ ಫೋನಿನಿಂದಲೇ ಅಪ್ಪನ ಫೋಟೋ ಹಾಕಿ, ಹಾರ ಆರಿಸಿದ್ದ. ಆರ್ಡರ್ ಮುಗಿಸುವ ಮೊದಲೇ ಮಾವ ಕಣ್ಣುಬಿಟ್ಟು ಕಾಫಿ ಕೇಳಿದರು. ಬ್ಯಾನರನ್ನು ಎಲ್ಲರೂ ಮರೆತರು. ನನ್ನ ಕಂಪ್ಯೂಟರು ಮರೆಯಲಿಲ್ಲ.

"ಅಳಿಯಂದ್ರೇ, ಫೋಟೋ ಚೆನ್ನಾಗೈತೆ," ಎಂದರು ಮಾವ, ತಣ್ಣಗೆ. "ಎರಡ್ನೇದು ಯಾರ್ಗೆ?"

"ಮಾವ, ಅದು ಬರೀ ಪ್ರಯೋಗ..."

"ನನ್ನ ಸಾವಿನ ಮೇಲಾ?"

ಫೋನು ಕಟ್ಟಾಯಿತು.

"ನಮ್ಮಪ್ಪನ ಮನೇಗೆ ಇನ್ನ ಯಾವ್ ಮೊಕ ಇಟ್ಕೊಂಡ್ ಓಗ್ತೀರಾ?" ಎಂದಳು ಸುಶೀಲಾ, ಕಣ್ಣೊರೆಸಿಕೊಳ್ಳುತ್ತ.

ಇದ್ದ ಮುಖವನ್ನೇ ಇಟ್ಟುಕೊಂಡು, ಕಿತ್ತಲೆ ಹಣ್ಣು ಹಿಡಿದು ಹೋದೆ. ಮುನಿರಾಜು ಬಾಗಿಲಲ್ಲೇ ತಡೆದ. "ಬಾವ, ಒಳಿಕ್ ಬರ್ಬೇಡಿ. ನಿಮ್ಮುನ್ನ ಕಂಡ್ರೆ ಮತ್ತೆ ಎದೆ ಇಡ್ಕೊಂತದೆ ಅಂತವ್ರೆ."

ಒಳಗಿಂದ ಮಾವ ಕೆಮ್ಮುತ್ತಲೇ ಕೂಗಿದರು: "ಅಳತೆ ತಗಳಾಕ್ ಬಂದವ್ರಾ ಕೇಳ್ಲಾ!"

ಫೋಟೋ ಹಾಕಿದ್ದು ನಿಮ್ಮ ಮಗನೇ ಎನ್ನಲು ಬಾಯಿ ತೆರೆದೆ. ಮುನಿರಾಜು ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದೆ. ಹೇಳಿದ್ದರೆ ಆ ಮುದುಕರಿಗೆ ಅಳಿಯನ ಜತೆ ಮಗನೂ ಇಲ್ಲದಂತಾಗುತ್ತಿತ್ತು. ಕಿತ್ತಲೆ ಹಣ್ಣನ್ನು ಜಗಲಿಯ ಮೇಲಿಟ್ಟು ಬಂದೆ.

ರಾಗಿ ಕೊಯ್ಲಿನ ಹೊತ್ತಿಗೆ ಮಾವ ನಿಜವಾಗಿಯೇ ಹೋದರು. ಬ್ಯಾನರು ಬೇರೆ ಅಂಗಡಿಯದು. ಜನರ ಹಿಂದೆ ನಿಂತು ಓದಿದೆ. "ದುಃಖತಪ್ತರು" ಎಂಬುದರ ಕೆಳಗೆ ಮಗ, ಸೊಸೆ, ಮಗಳು, ಮೊಮ್ಮಕ್ಕಳು, ಕೊನೆಗೆ ಹಾಲಿನ ಡೈರಿಯ ಗೆಳೆಯರು. ನನ್ನ ಹೆಸರಿಲ್ಲ. ಮಾವನೇ ಹಾಗೆ ಹೇಳಿ ಹೋಗಿದ್ದರಂತೆ.

ಕಸುಬಿನವನಾಗಿ ಒಂದು ಮಾತು ಹೇಳಲೇಬೇಕು: ಕೊನೆಯ ಸಾಲಿನಲ್ಲಿ ಇನ್ನೊಂದು ಹೆಸರಿಗೆ ಧಾರಾಳವಾಗಿ ಜಾಗವಿತ್ತು.