ಹೊಟ್ಟೆ ಇಲ್ಲದ್ದು ಆರಿಸಿದ ಸೊಪ್ಪು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ನನ್ನ ಮೈದುನನಿಗೆ ದೆವ್ವ ಹಿಡಿದಿತ್ತು. ತಮಾಷೆಗೆ ಹೇಳುತ್ತಿಲ್ಲ! ಬೇರೆಯವರು ದೆವ್ವ ಬಿಡಿಸಲು ಮಂತ್ರ ಹಾಕಿಸುತ್ತಾರೆ; ಇವನು ದಿನಾ ಬೆಳಿಗ್ಗೆ ಎದ್ದು ಅದಕ್ಕೆ ಚಾರ್ಜು ಹಾಕುತ್ತಿದ್ದ.

ಫೋನಿನೊಳಗೆ ಅದೇನೋ ಕೃತಕ ಬುದ್ಧಿಯಂತೆ. ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ. "ನಿಂಗೆ ದೇವ್ರು ಕೊಟ್ಟಿದ್ದು ಸಾಲ್ದೇನಪ್ಪ?" ಎಂದೆ. "ಇರ್ಲಿ ಬುಡಿ ಅತ್ಗೆ, ಸ್ಪೇರ್‌ಗೆ" ಎಂದ.

ಮದುವೆಯಾಗದವನು, ನಿವೃತ್ತನಾಗಿ ದಟ್ಟಗಳ್ಳಿಯ ನಮ್ಮ ಮನೆಗೆ ಬಂದಿದ್ದ. ಹಗಲೆಲ್ಲ ಮನೆಯಲ್ಲಿ ನಾನು, ಸೊಸೆ, ಅವನು. ನಾವಿಬ್ಬರೂ ಅವನ ಮಾತಿಗೆ ಸಿಗುತ್ತಿರಲಿಲ್ಲ. ಅದು ಸಿಗುತ್ತಿತ್ತು! ಊಟ ಆಯಿತೇ ಎಂದು ಅದನ್ನೇ ವಿಚಾರಿಸುತ್ತಿದ್ದ. ಅದು ಉತ್ತರ ಮುಗಿಸುವ ಮೊದಲೇ "ಥ್ಯಾಂಕ್ಸಪ್ಪ, ಬಿಡುವಾದಾಗ ಮಾತಾಡೋಣ" ಎಂದು ಮುಚ್ಚುತ್ತಿದ್ದ. ಅದಕ್ಕೆ ಬಿಡುವಿಲ್ಲದಷ್ಟು ಕೆಲಸವಂತೆ!

ಒಂದು ದಿನ ನನ್ನ ಸಾರಿನ ಫೋಟೋ ತೆಗೆದು ಉಪ್ಪು ಸರಿಯಿದೆಯೇ ಎಂದು ಕೇಳಿದ. ಬಹಳ ಹದವಾಗಿ ಕಾಣುತ್ತಿದೆ ಎಂದಿತು. ಆವತ್ತು ನಾನು ಉಪ್ಪನ್ನೇ ಹಾಕಿರಲಿಲ್ಲ. ನಾವು ಹಾಕಿಕೊಂಡೆವು. ಅವನು ಮಾತ್ರ ಸಪ್ಪೆ ಸಾರನ್ನೇ ಸುರಿದುಕೊಂಡು ಉಂಡು ಎದ್ದ! ಇನ್ನೊಂದು ದಿನ ಬೀದಿನಾಯಿಯ ಫೋಟೋ ತೋರಿಸಿದ. ಸಾಧು ಸ್ವಭಾವದ್ದು ಎಂದಿತಂತೆ. ಸಾಯಂಕಾಲ ಇವನು ಬಂದ, ಪಂಚೆ ಬರಲಿಲ್ಲ.

ಹಾಗೆಂದು ಅದು ಬರೀ ಕೆಟ್ಟದ್ದು ಎನ್ನಲಾರೆ. ನನಗೆ ಕನ್ನಡವೇ ಅಕ್ಷರ ಕೂಡಿಸಿ ಓದಬೇಕು. ಇಂಗ್ಲಿಷಿನಲ್ಲಿದ್ದ ನನ್ನ ಕಣ್ಣಿನ ಡಾಕ್ಟರ ಚೀಟಿಯನ್ನು ಅದೇ ಓದಿ ಹೇಳಿತು. ಸೊಸೆ ಇನ್ನೊಮ್ಮೆ ಓದಿ ನೋಡಿದಳು, ಸರಿಯಾಗಿತ್ತು. ಇನ್ನೊಮ್ಮೆ ನೋಡುವವರು ಇದ್ದಷ್ಟು ಹೊತ್ತು ನನಗೂ ಹೆದರಿಕೆ ಇರಲಿಲ್ಲ.

ಹೆದರಿಕೆ ಶುರುವಾದದ್ದು ಮಳೆ ಬಿದ್ದ ಮೇಲೆ. ಎದುರಿನ ಖಾಲಿ ಸೈಟಿನಲ್ಲಿ ಸೊಂಟದುದ್ದ ಗಿಡ ಎದ್ದವು. ಇವನು ಒಂದೊಂದು ಎಲೆಗೂ ಫೋನು ಹಿಡಿದು, ಮಡಿಲು ತುಂಬ ಕಿತ್ತುಕೊಂಡು ಬಂದ.

"ಬೆರಕೆ ಸೊಪ್ಪು ಅತ್ಗೆ! ಇದು ಗಣಿಕೆ, ಇದು ಅಣ್ಣೆ."

"ಯಾರು ಹೇಳಿದ್ದು?"

"ಇದೇ."

"ಅದು ತಿಂದು ನೋಡ್ತಾ?"

"ಅದುಕ್ಕೆಲ್ಲಿ ಬಾಯಿ ಅತ್ಗೆ!"

"ದಿನವೆಲ್ಲಾ ಮಾತಾಡುಕ್ಕೆ ಬಾಯಿದೆ, ತಿನ್ನುಕ್ಕೆ ಇಲ್ವಾ?"

ನನ್ನ ಅತ್ತೆಗೆ ಬೇಲಿಯ ಸೊಪ್ಪೆಲ್ಲ ಗೊತ್ತಿತ್ತು. ಅವರು ಹೋಗಿಬಿಟ್ಟಿದ್ದರು. ಪೇಟೆಯೊಳಗಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನನಗೆ ಕಟ್ಟು ಕಟ್ಟಿ ಮಾರುವ ಸೊಪ್ಪು ಬಿಟ್ಟು ಬೇರೆ ಗೊತ್ತಿಲ್ಲ. ಸೊಸೆಗೆ ಅದೂ ಗೊತ್ತಿಲ್ಲ! ಹಾಗಾಗಿ ಸೊಪ್ಪಿನ ವಿಷಯದಲ್ಲಿ ಇನ್ನೊಮ್ಮೆ ನೋಡುವವರೇ ಮನೆಯಲ್ಲಿರಲಿಲ್ಲ. ಇವನು ಮಧ್ಯಾಹ್ನ ತಾನೇ ಬೇಯಿಸಿ ಮುಚ್ಚಿಡುತ್ತಿದ್ದ; ರಾತ್ರಿ ಮುದ್ದೆಗೆ ಅದೇ ಬಸ್ಸಾರು. ಉಂಡು ಮಲಗಿದರೆ ಬೆಳಿಗ್ಗೆ ಏಳುತ್ತೇನೋ ಇಲ್ಲವೋ ಎಂದು ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದೆ. ರುಚಿ ಮಾತ್ರ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ?

ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಅವನ ಕೋಣೆಯಿಂದ ಮಾತು ಕೇಳುತ್ತಿತ್ತು. "ಕೂತ್ಕೊಳಪ್ಪ, ಕಾಫಿ ಕುಡೀತೀಯಾ?" ಇದು ದಿನದ ಕತೆಯೇ ಅಲ್ಲವೇ? ಸೊಸೆ ನಕ್ಕಳು, ನಾನು ಬೈದೆ. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಗೆ ಹೋಗುವಾಗ ನನ್ನ ಕಾಲು ನಿಂತುಬಿಟ್ಟಿತು. ಅವನ ಫೋನು ನಡುಮನೆಯಲ್ಲಿ ಚಾರ್ಜಿಗೆ ಇತ್ತು!

ಹಾಗಾದರೆ ಯಾರ ಜೊತೆ ಮಾತು?

ಇಣುಕಿದರೆ ಕೋಣೆಯಲ್ಲಿ ಇನ್ಯಾರೂ ಇಲ್ಲ. ಬಾಗಿಲಿಗೆ ತಗುಲಿಹಾಕಿದ್ದ ಟವೆಲಿಗೆ ಉಪಚಾರ ನಡೆಯುತ್ತಿತ್ತು. ಅವನ ಕಣ್ಣಿನ ಕಪ್ಪು ಕಣ್ಣಿನ ತುಂಬ ಹರಡಿತ್ತು. ಬಿಳಿ ಗೋಡೆಯಿಂದ ಏನನ್ನೋ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದ. ಮುಟ್ಟಿದರೆ ಮೈ ಕೆಂಡ. ದಿನವೂ ಒಬ್ಬನೇ ಮಾತಾಡುವವನಾದ್ದರಿಂದ ಬುದ್ಧಿ ತಪ್ಪಿದ್ದು ನಮಗೆ ತಿಳಿಯಲೇ ಇಲ್ಲ!

ಸೊಸೆ ಆಟೋ ಹಿಡಿದಳು. ನಾನು ಕಸದ ಬುಟ್ಟಿಯಿಂದ ಕಡ್ಡಿ, ಎಲೆ ಬಾಚಿ ಸೆರಗಿನಲ್ಲಿ ಕಟ್ಟಿಕೊಂಡೆ. ಆಸ್ಪತ್ರೆಯ ಡಾಕ್ಟರು ಅದನ್ನು ನೋಡಿ, "ಇದ್ರಲ್ಲಿ ದತ್ತೂರಿ ಎಲೆ ಇದೆ ಕಣಮ್ಮ. ಇನ್ನೊಂಚೂರು ತಿಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನಲ್ಲಿ ಕುಳಿತು ಸೊಸೆ ಅವನ ಫೋನು ತೆಗೆದು, ಬೆಳಿಗ್ಗೆ ಅದು ಏನು ಹೇಳಿತ್ತೆಂದು ನೋಡಿದಳು. ಗಣಿಕೆ ಸೊಪ್ಪು ಎಂದಿತ್ತು. ಕೊನೆಯಲ್ಲಿ, ತಿನ್ನುವ ಮೊದಲು ತಿಳಿದವರಿಗೆ ತೋರಿಸಿ ಎಂದೂ ಇತ್ತು. ಇವನು ಅದನ್ನು ಕೇಳುವ ಮೊದಲೇ ಥ್ಯಾಂಕ್ಸ್ ಹೇಳಿ ಮುಚ್ಚಿದ್ದ! ಅವಳು ಅದೇ ಎಲೆಯನ್ನು ಮತ್ತೆ ತೋರಿಸಿದಳು. "ಕ್ಷಮಿಸಿ, ಇದು ದತ್ತೂರಿ ಇರಬಹುದು, ವಿಷ" ಎಂದಿತು.

"ಈಗ ಹೇಳ್ತದಲ್ಲೇ ಇದು!" ಎಂದೆ. ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ಮನುಷ್ಯರಾದರೆ ತಿಳಿಯದಿದ್ದಾಗ ತೊದಲುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಇದಕ್ಕೆ ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಒಂದೇ ಧ್ವನಿ! ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು? ಅದು ಕ್ಷಮೆ ಕೇಳಿ ಸುಮ್ಮನಾಯಿತು. ಒಳಗೆ ಮಲಗಿದ್ದವನು ನಮ್ಮವನು.

ಮರುದಿನ ಸಂಜೆ ಅವನಿಗೆ ತಿಳಿವು ಬಂತು. ಒಣಗಿದ ನಾಲಿಗೆಯಲ್ಲಿ ಮೊದಲು ಕೇಳಿದ್ದು ನೀರನ್ನಲ್ಲ.

"ಅತ್ಗೆ... ನೀವ್ಯಾರೂ ತಿನ್ಲಿಲ್ಲ ತಾನೇ?"

"ಇಲ್ಲ ಕಣೋ. ರಾತ್ರಿ ಊಟಕ್ಕೆ ತಾನೇ ನೀನು ಇಟ್ಟಿದ್ದು?"

"ದಿನಾ ಮಧ್ಯಾಹ್ನ ನಾನೊಬ್ನೇ ತಿಂದು ನೋಡ್ತಿದ್ದೆ. ಸಂಜೆವರ್ಗೂ ಏನೂ ಆಗ್ದಿದ್ರೆ ಮಾತ್ರ ನಿಮ್ಗೆ."

"ಅಷ್ಟು ನಂಬ್ತಿದ್ಯಲ್ಲೋ ಅದನ್ನ!"

"ನಂಬಿದ್ದೆ. ನಿಮ್ ತಟ್ಟೆ ವಿಷ್ಯಕ್ಕೆ ಮಾತ್ರ ನಂಬಕ್ಕಾಗ್ಲಿಲ್ಲ ಅತ್ಗೆ."

ಅವನ ಹೊದಿಕೆ ಎಳೆದು ಸರಿಮಾಡಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗಂಜಿ ಕಾಯಿಸಿಕೊಂಡು ಆಸ್ಪತ್ರೆಗೆ ಹೋದೆ. ಅವನು ಕೈ ಚಾಚಿದ. ಕೊಡಲಿಲ್ಲ. ಅವನ ಎದುರಿಗೆ ಎರಡು ಗುಟುಕು ನಾನೇ ಕುಡಿದು, ನನಗೇನಾದರೂ ಆಗುತ್ತದೆಯೇ ಎಂದು ಕಾದು ಕುಳಿತೆ. ಆಮೇಲೆ ಲೋಟವನ್ನು ಅವನ ಕೈಗೆ ಕೊಟ್ಟೆ.