ಹತ್ತಕ್ಕೆ ಎಂಟು

ಬೀಗದಣ್ಣನ ಕಷ್ಟಕ್ಕೆಲ್ಲ ಮೂಲ ಅವನ ನಗುಮುಖ. ಯಾರದೋ ಮಹಡಿ ಮನೆಯ ಬೀಗ ತೆಗೆಯಲು ಏಣಿ ಹತ್ತಿ, ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಆರು ವರ್ಷವಾಗಿತ್ತು. ಸೂಜಿ ಚುಚ್ಚಿದರೂ ಗೊತ್ತಾಗದ ಕಾಲುಗಳು ದಿನವಿಡೀ ಕೆಂಡದ ಮೇಲಿಟ್ಟಂತೆ ಉರಿಯುತ್ತಿದ್ದವು. ಆದರೂ ಗಾಲಿಕುರ್ಚಿಯಲ್ಲಿ ಕೂತು ಕೀಲಿಕೈ ಉಜ್ಜುತ್ತ, ಕೇಳಿದವರಿಗೆಲ್ಲ "ಪರವಾಗಿಲ್ಲ" ಅನ್ನುವನು.

ಡಾಕ್ಟರು "ಹತ್ತಕ್ಕೆ ಎಷ್ಟು ನೋವು?" ಎಂದಾಗಲೂ ಸಂಕೋಚದಿಂದ "ಮೂರು" ಅಂದುಬಿಡುತ್ತಿದ್ದ. ಮೂರಕ್ಕೆ ತಕ್ಕ ಮಾತ್ರೆಯೇ ಸಿಗುತ್ತಿತ್ತು. ಈಗಂತೂ ಉರಿ ತಾಳಲಾರದೆ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು.

"ಇವತ್ತು ಎಂಟು ಅನ್ಬೇಕು. ನಿಜ ಹೇಳೋಕೆ ಏನ್ರೀ ನಾಚಿಕೆ?" ಹೆಂಡತಿ ಆಸ್ಪತ್ರೆಯ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು.

ಟೋಕನ್ ಎರಡನೆಯದೇ ಸಿಕ್ಕಿತು. ಆದರೆ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದವರು ನೆರೆಮನೆಯ ಮೇಷ್ಟರು.

"ಅಲ್ಲಯ್ಯಾ, ಸ್ಪರ್ಶವೇ ಇಲ್ಲದ ಕಾಲು ನೋಯೋದು ಹೇಗೆ?"

"ಬಾಗಿಲಲ್ಲಿ ಯಾರೂ ಇಲ್ದಿದ್ರೂ ಒಮ್ಮೊಮ್ಮೆ ಕಾಲಿಂಗ್ ಬೆಲ್ ಹೊಡ್ಕೊಳ್ಳಲ್ವಾ ಸಾರ್, ಹಾಗೆ. ವೈರು ಕೆಟ್ಟಿದೆ."

"ಮತ್ತೆ ಹೇಗೆ ತಡ್ಕೋತೀಯ?"

"ಗಳಿಗೆಗೊಮ್ಮೆ ಕೈಯೂರಿ ಮೈ ಎತ್ಕೋತೀನಿ. ಉರಿ ಜೋರಾದ್ರೆ ನಿಧಾನವಾಗಿ ಉಸಿರು ಎಣಿಸ್ತೀನಿ. ಚೆನ್ನಾಗಿರೋ ದಿನ ಮೂರು ದಿನದ ಕೆಲಸ ಮಾಡಕ್ಕೆ ಹೋಗಲ್ಲ. ಅದೇ ದೊಡ್ಡ ಗುಟ್ಟು."

ಗುಟ್ಟು ಅಂದದ್ದೇ ತಡ, ಸುತ್ತಲಿನ ಬೆಂಚುಗಳೆಲ್ಲ ಹತ್ತಿರ ಸರಿದವು. ನರಳುತ್ತಿದ್ದ ಬಸ್ ಡ್ರೈವರನಿಗೆ ಬೀಗದಣ್ಣ ತನ್ನ ಟೋಕನ್ ಕೊಟ್ಟು ಅವನ ಐದನೆಯದು ತಗೊಂಡ. ಅದನ್ನು ಒಬ್ಬ ಅಜ್ಜಿಗೆ ಕೊಟ್ಟ. ಹೀಗೆ ಕೊಡುತ್ತ ಕೊಡುತ್ತ ಹದಿನಾಲ್ಕಕ್ಕೆ ಇಳಿದ. ಎಲ್ಲರಿಗೂ ಉಸಿರು ಎಣಿಸುವುದನ್ನು ಕಲಿಸಿ, ನಡುವೆ ಜೋಕು ಹೇಳಿ ನಗಿಸಿದ. ಅವನ ಅಂಗಿಯ ಬೆನ್ನು ಬೆವರಿಂದ ತೊಯ್ದದ್ದು, ಹಲ್ಲು ಕಚ್ಚಿ ಹಿಡಿದದ್ದು ಯಾರಿಗೂ ಕಾಣಲಿಲ್ಲ. ಇಂಥವನಿಗೆ ನಿಜಕ್ಕೂ ಕೈ ಮುಗಿಯಬೇಕು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಗೊಣಗಿದಳು. ಕಣ್ಣು ಮಾತ್ರ ತುಂಬಿತ್ತು.

ಅಂತೂ ಸರದಿ ಬಂತು. ಒಳಗೆ ರೋಗಿಗೆ ಮಾತ್ರ ಪ್ರವೇಶ.

"ಹತ್ತಕ್ಕೆ ಎಷ್ಟು?"

ಬೀಗದಣ್ಣ ಆರು ವರ್ಷದಲ್ಲಿ ಮೊದಲ ಸಲ ನಿಜ ನುಡಿದ. "ಎಂಟು, ಡಾಕ್ಟ್ರೇ."

ಡಾಕ್ಟರು ಗಾಜಿನ ಬಾಗಿಲಿನತ್ತ ನೋಡಿ ನಕ್ಕರು. "ಎರಡು ಗಂಟೆ ಹೊತ್ತಿಂದ ನೋಡ್ತಾ ಇದೀನಿ. ಅಷ್ಟು ಜನಾನ ನಗಿಸಿದೋರಿಗೆ ಎಂಟಾ? ಒಳ್ಳೇ ತಮಾಷೆ" ಎಂದು ಚೀಟಿ ಬರೆಯತೊಡಗಿದರು.

ಹೊರಗೆ ಬಂದವನನ್ನು ಹೆಂಡತಿ ತಡೆದಳು. "ಏನಂದ್ರು?"

"ಇನ್ಮೇಲೆ ಪ್ರತಿ ಗುರುವಾರ ಬರ್ಬೇಕಂತೆ."

ಅವಳ ಮುಖ ಅರಳಿತು. "ಅಬ್ಬಾ, ಕೊನೆಗೂ ನಂಬಿದ್ರಲ್ಲ. ಏನು ಚಿಕಿತ್ಸೆ ಕೊಡ್ತಾರಂತೆ?"

"ನಂಗೆ ಹಳೇ ಮಾತ್ರೇನೇ ಕಣೇ. ಉಳಿದೋರಿಗೆ ಚಿಕಿತ್ಸೆ ನಾನು ಕೊಡ್ಬೇಕಂತೆ."