ಆರು ಒಡ್ಡು, ಆರು ಬುಟ್ಟಿ

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನನಗೆ ಮೈಬೂಬನ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಅವನ ಜೀಪಿನ ಮೇಲೆ ಇತ್ತು.

ಮೈಬೂಬ ಇಂಡಿಯಲ್ಲಿ ಲಿಂಬೆ ವ್ಯಾಪಾರಿ. ನಾನು ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಮ್ಮ ಮನೆಗಳ ನಡುವೆ ಒಂದು ಗೋಡೆ. ತಾಂಬಾ ಊರಿನ ಹತ್ತಿರ ನಮ್ಮ ಹೊಲಗಳ ನಡುವೆ ಒಂದು ಒಡ್ಡು. ಆ ಗೋಡೆಗೂ ಈ ಒಡ್ಡಿಗೂ ಎಂದೂ ತಕರಾರು ಬಂದಿರಲಿಲ್ಲ. ಹೋದ ವರ್ಷ ಅವನು ಸೈನ್ಯದವರು ಹರಾಜು ಹಾಕಿದ ಹಸಿರು ಜೀಪೊಂದನ್ನು ಟ್ರೇಲರ್ ಸಮೇತ ತಂದ. ಮರುದಿನದಿಂದಲೇ ಓಣಿಯ ಜನ ಅವನನ್ನು "ಬರ್ರಿ ಕರ್ನಲ್ ಸಾಹೇಬ್ರ" ಎನ್ನತೊಡಗಿದರು. ಮೂವತ್ತು ವರ್ಷ ಇದೇ ಓಣಿಯ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಇನ್ನೂ ಬರೀ "ಮಾಸ್ತರ"!

ನನ್ನ ಹೆಂಡತಿ ಸುಧಾ ಕಟ್ಟೆಯ ಮೇಲೆ ನಿಂತು ಹೇಳಿದಳು: "ನೋಡ್ರಿ, ಎಂಥಾ ಗಾಡಿ! ಎರಿಮಣ್ಣಾಗೂ ಹೋಗತೈತಂತ. ನಮ್ಮ ಸ್ಕೂಟರ್ ಎರಡು ಹನಿ ಮಳಿ ಬಿದ್ರ ಸಾಕು, ನೆಗಡಿ ಬಂದವರಂಗ ಸೀನತೈತಿ."

ಎರಡೇ ತಿಂಗಳಲ್ಲಿ ನಾನೂ ಅಂಥದೇ ಜೀಪು ತಂದೆ. ನನ್ನ ಟ್ರೇಲರ್ ಮಾತ್ರ ಅವನದಕ್ಕಿಂತ ಒಂದು ಗೇಣು ಉದ್ದ. ಅವನು ಮನೆಯಲ್ಲಿಲ್ಲದಾಗ ಟೇಪು ಹಿಡಿದು ಅಳೆದು ಖಚಿತಪಡಿಸಿಕೊಂಡಿದ್ದೆ. ಟ್ರೇಲರಿನ ಹಿಂಬಾಗಿಲಿಗೆ ಎರಡು ಕೊಂಡಿ ಇರಬೇಕು. ಒಂದೇ ಇತ್ತು. ಇನ್ನೊಂದರ ಜಾಗದಲ್ಲಿ ಹಳೆಯ ಧೋತರದ ಅಂಚನ್ನು ಹರಿದು ಬಿಗಿದೆ.

ಮೈಬೂಬ ಬಂದು ಗಾಡಿಗೆ ಒಂದು ಸುತ್ತು ಹಾಕಿದ. "ಭಾಳ ಚಲೋ ಐತ್ರಿ ಮಾಸ್ತರ. ಆದ್ರ ಆ ಧೋತರ ತಗದು ಕೊಂಡಿ ಹಾಕ್ರಿ. ನನ್ನ ಹತ್ರ ಹೆಚ್ಚಿಂದೊಂದೈತಿ, ಕೊಡ್ತೇನಿ."

ಅವನ ಕೊಂಡಿ, ನನ್ನ ಟ್ರೇಲರಿಗೆ?

"ಬ್ಯಾಡಪಾ. ಇದು ನಮ್ಮಪ್ಪನ ಕಾಲದ ಧೋತರ. ಗಟ್ಟಿ ಐತಿ" ಎಂದೆ.

ಅಪ್ಪನ ಕಾಲದ್ದು ಎಂಬುದೇ ಚಿಂತೆಯ ವಿಷಯ ಎಂದು ನನಗೆ ಆಗ ಹೊಳೆಯಲಿಲ್ಲ.

"ಮತ್ತ, ಹಳ್ಳದಾಗ ಸಿಕ್ಕೊಂಡ್ರ ಈ ಸಣ್ಣ ಲಿವರ್ ಎಳೀರಿ. ಮುಂದಿನ ಗಾಲಿನೂ ಜಗ್ಗತಾವು. ಆದ್ರ ಸಾವಕಾಶ!"

"ಗೊತ್ತೈತಿ" ಎಂದೆ. ಗೊತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಎಲ್ಲರ ಊಟವೂ ಹೊಲದಲ್ಲಿ. ತಂದ ಅಡುಗೆಯಲ್ಲಿ ಒಂದಿಷ್ಟನ್ನು ನಿಂತ ಬೆಳೆಗೆ ಮೊದಲು ಚರಗವೆಂದು ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ನಾವು ಉಣ್ಣಬೇಕು. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಉಣ್ಣಿಸಬೇಕು. ಈ ಸಲ ಬಸವನ ಬಾಗೇವಾಡಿಯಿಂದ ಸುಧಾಳ ತವರಿನವರು ಹದಿನಾಲ್ಕು ಜನ ಬಂದಿದ್ದರು. ಅವರಿಗಾಗಿ ಅವಳು ಎರಡು ದಿನ ಒಲೆಯ ಮುಂದೆ ಕೂತು ಆರು ಬುಟ್ಟಿ ಅಡುಗೆ ಮಾಡಿದ್ದಳು. ಬುಟ್ಟಿಗಳನ್ನು ನಾನೇ ಟ್ರೇಲರಿನಲ್ಲಿ ಜೋಡಿಸಿದೆ. ಶೇಂಗಾ ಹೋಳಿಗೆಯ ದೊಡ್ಡ ಬುಟ್ಟಿಯನ್ನು ಭದ್ರವಾಗಿರಲೆಂದು ಎಲ್ಲಕ್ಕಿಂತ ಒಳಗೆ ಇಟ್ಟೆ.

"ಎಲ್ಲಾರೂ ಹತ್ರಿ!" ಎಂದು ಹಾರ್ನ್ ಹೊಡೆದೆ.

ಯಾರೂ ಹತ್ತಲಿಲ್ಲ. ಸುಧಾ ನನ್ನ ಕಿವಿಯ ಹತ್ತಿರ ಬಂದಳು. "ಸಿಟ್ಟಾಗಬ್ಯಾಡ್ರಿ. ನಾವೆಲ್ಲಾ ಮೈಬೂಬಣ್ಣಾರ ಗಾಡ್ಯಾಗ ಬರ್ತೇವಿ. ಅಡಗಿ ಅಷ್ಟ ನಿಮ್ಮ ಗಾಡ್ಯಾಗ ಬರಲಿ. ಬುಟ್ಟಿ ನೋಡ್ಕೋತ ಬರ್ರಿ."

ಹದಿನಾಲ್ಕು ಜನ ನನ್ನ ಕಣ್ಣೆದುರೇ ಕರ್ನಲ್ ಸಾಹೇಬರ ಜೀಪಿಗೂ ಟ್ರೇಲರಿಗೂ ಹತ್ತಿ ಕೂತರು. ನನ್ನ ಸ್ವಂತ ಅಳಿಯ, ಸುಧಾಳ ಅಣ್ಣನ ಆರು ವರ್ಷದ ಮಗ, ಮೈಬೂಬನ ಪಕ್ಕ ಕೂತು ನನಗೆ ಸೆಲ್ಯೂಟ್ ಹೊಡೆದ. ಆಗಲೇ ತೀರ್ಮಾನಿಸಿದೆ. ಅವರು ಡಾಂಬರು ರಸ್ತೆಯಲ್ಲಿ ಸುತ್ತಿ ಬರಲಿ. ನಾನು ಹಳ್ಳ ದಾಟಿ, ಹೊಲಗಳ ನಡುವಿನ ಬಂಡಿಜಾಡು ಹಿಡಿದು, ಅವರಿಗಿಂತ ಮೊದಲೇ ತಲುಪಿ, ಜೀಪಿಗೆ ಒರಗಿ ನಿಂತಿರಬೇಕು!

ಇನ್ನು ಮುಂದೆ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಹಳ್ಳದಲ್ಲಿ ಕಾಲುವೆಯ ನೀರು ಬಸಿದು ಎರೆಮಣ್ಣು ಹಿಟ್ಟು ನಾದಿದಂತಾಗಿತ್ತು. ಜೀಪು ನಡುಮಧ್ಯೆ ಕೂತಿತು. ಹಿಂದಿನ ಗಾಲಿಗಳು ತಿರುಗಿದವು, ಜೀಪು ಕದಲಲಿಲ್ಲ. ಸಣ್ಣ ಲಿವರ್ ನೆನಪಾಯಿತು. ಎಳೆದೆ. ಏನೂ ಆಗದಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಜೀಪು ಕಣ್ಣಿ ಹರಿದ ಹೋರಿಯ ಹಾಗೆ ಒಮ್ಮೆಲೇ ದಂಡೆ ಏರಿತು. ಹಿಂದೆ ಎಲ್ಲೋ "ಪರ್ರ್" ಎಂದು ಬಟ್ಟೆ ಹರಿದ ಸದ್ದು ಕೇಳಿಸಿತು. ನನ್ನ ಪ್ಯಾಂಟು ಮುಟ್ಟಿ ನೋಡಿಕೊಂಡೆ. ಸರಿಯಾಗಿತ್ತು. ಮುಂದೆ ಹೊರಟೆ.

ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿ ಕಾಮಾಲೆ ಕಣ್ಣಿನಂತಾಗಿತ್ತು. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಬಂಡಿಜಾಡಿನಲ್ಲಿ ಅಡ್ಡಲಾಗಿ ಆರು ಒಡ್ಡುಗಳಿವೆ. ಒಂದೊಂದನ್ನು ಏರುವಾಗಲೂ ಜೀಪಿನ ಮೂತಿ ಆಕಾಶ ನೋಡುತ್ತಿತ್ತು, ಇಳಿಯುವಾಗ ಪಾತಾಳ. ಮೊದಲ ಒಡ್ಡು ದಾಟಿದಾಗ ಅಲ್ಲಿ ಊಟಕ್ಕೆ ಕೂತಿದ್ದ ರೈತರು ಎದ್ದು ನಿಂತು ಕೈ ಬೀಸಿದರು.

"ಮಾಸ್ತರ! ಏ ಮಾಸ್ತರ! ನಿಲ್ಲಸ್ರಿ!"

ನಮ್ಮ ಜನರ ಪ್ರೀತಿಯೇ ಅಂಥದು, ಊಟಕ್ಕೆ ಕರೆಯದೆ ಬಿಡರು ಎಂದುಕೊಂಡೆ. "ಆಮ್ಯಾಲ ಬರ್ತೇನ್ರಪಾ! ನೀವು ಉಣ್ರಿ!" ಎಂದು ಕೂಗಿ ಇನ್ನಷ್ಟು ಜೋರಾಗಿ ಓಡಿಸಿದೆ.

ಎರಡನೆಯ ಒಡ್ಡಿನಲ್ಲೂ ಕೈ ಬೀಸಿದರು. ಮೂರನೆಯದರಲ್ಲಿ ಒಬ್ಬ ಮುದುಕ ಸಜ್ಜೆ ರೊಟ್ಟಿಯೊಂದನ್ನು ಎತ್ತಿ ಹಿಡಿದು ನನ್ನ ಹಿಂದೆ ಓಡಿ ಬಂದ. ಎಂಥ ಆದರ! ನಾಲ್ಕರಲ್ಲಿ ಹೆಂಗಸರು, ಐದರಲ್ಲಿ ಇಡೀ ಒಂದು ಕುಟುಂಬ. ನಾನು ಎಲ್ಲರಿಗೂ ಕರ್ನಲ್‌ನಂತೆ ಸೆಲ್ಯೂಟ್ ಹೊಡೆಯುತ್ತ ಸಾಗಿದೆ. ಜೀವನದಲ್ಲಿ ಮೊದಲ ಸಲ ಜನ ನನ್ನನ್ನು ಕಂಡು ಕರುಬುತ್ತಿದ್ದಾರೆ ಎನಿಸಿತು. ಬಹಳ ಸುಖವಾಯಿತು.

ಆರನೆಯದು ಮೈಬೂಬನ ಹೊಲಕ್ಕೂ ನನ್ನ ಹೊಲಕ್ಕೂ ನಡುವಿನ ಒಡ್ಡು. ಅದೇ ಎಲ್ಲಕ್ಕಿಂತ ಎತ್ತರ. ಅದನ್ನೂ ಏರಿಸಿ, ಇಳಿಸಿ, ಬನ್ನಿಗಿಡದ ಕೆಳಗೆ ನಿಲ್ಲಿಸಿ, ಜೀಪಿಗೆ ಒರಗಿ ನಿಂತೆ. ಹನ್ನೊಂದು ನಿಮಿಷದ ನಂತರ ಅವರು ಬಂದರು.

"ಇಷ್ಟ್ ತಡಾ?" ಎಂದೆ.

ಸುಧಾ ನೇರ ಟ್ರೇಲರಿನ ಹಿಂದೆ ಹೋದಳು. ಹೋದವಳು ಅಲ್ಲೇ ನಿಂತಳು. ನಾನೂ ಹೋಗಿ ನೋಡಿದೆ. ಇದ್ದ ಒಂದು ಕೊಂಡಿಯೂ ಕಳಚಿ, ಹಿಂಬಾಗಿಲು ನಾಲಗೆ ಚಾಚಿದಂತೆ ಜೋತಾಡುತ್ತಿತ್ತು. ಅದಕ್ಕೆ ಅಪ್ಪನ ಧೋತರದ ಒಂದು ಎಳೆ ಅಂಟಿಕೊಂಡಿತ್ತು. ಒಳಗೆ ಉಳಿದದ್ದು ಒಂದೇ ಒಂದು ಲಿಂಬೆಹಣ್ಣು.

"ಅಡಗಿ ಎಲ್ಲೈತ್ರಿ?" ಎಂದಳು. ಎರಡು ದಿನ ಹೊಗೆ ಕುಡಿದ ಅವಳ ಕಣ್ಣುಗಳು ಇನ್ನೂ ಕೆಂಪಗಿದ್ದವು. ಆ ಕಣ್ಣುಗಳನ್ನು ನೋಡಿದಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು.

ನಡೆದುಕೊಂಡೇ ಹಿಂದಕ್ಕೆ ಹೋಗಿ ಪಂಚನಾಮೆ ಮಾಡಿದೆ. ಮೊದಲ ಒಡ್ಡಿನ ಕೆಳಗೆ ಪುಂಡಿಪಲ್ಯ. ಎರಡನೆಯದರಲ್ಲಿ ಭಜ್ಜಿ. ಮೂರು, ಸಜ್ಜೆ ರೊಟ್ಟಿ. ನಾಲ್ಕು, ಕಡಬು. ಐದು, ಮೊಸರನ್ನ. ಎಲ್ಲಕ್ಕಿಂತ ಭದ್ರವಾಗಿ ಇಟ್ಟಿದ್ದ ಹೋಳಿಗೆಯ ಬುಟ್ಟಿ ಆರನೆಯ ಒಡ್ಡಿನ ಆಚೆ, ಮೈಬೂಬನ ಜೋಳದ ಸಾಲಿನಲ್ಲಿ ಬೋರಲಾಗಿ ಬಿದ್ದಿತ್ತು. ಒಂದು ಒಡ್ಡಿಗೆ ಒಂದು ಬುಟ್ಟಿ. ಲೆಕ್ಕದಲ್ಲಿ ನಾನು ಎಂದೂ ತಪ್ಪಿದವನಲ್ಲ!

ಅಂದು ನಮ್ಮ ಹೊಲಕ್ಕೆ ಚರಗ ಚೆಲ್ಲಿದ್ದು ಮೈಬೂಬನ ಬುತ್ತಿಯಿಂದ. ಹದಿನಾಲ್ಕು ಜನ ಉಂಡದ್ದೂ ಅವನ ಹೆಂಡತಿ ಮಾಡಿದ ರೊಟ್ಟಿ, ಎಣ್ಣೆಗಾಯಿ. ಸುಧಾಳ ಅಣ್ಣ ಬೆರಳು ನೆಕ್ಕುತ್ತ, "ಕರ್ನಲ್ ಸಾಹೇಬ್ರ, ನೀವಿದ್ರಿ ಅಂತ ಬದಕಿದ್ವಿ" ಎಂದ.

"ಇರ್ಲಿ ಬಿಡ್ರಿ ಅಕ್ಕಾರ" ಎಂದು ಮೈಬೂಬ ಸುಧಾಳನ್ನು ಸಮಾಧಾನ ಮಾಡಿದ. "ಎಲ್ಲಾರೂ ತಮ್ಮ ಹೊಲಕ್ಕಷ್ಟ ಚರಗ ಚೆಲ್ಲತಾರ. ಮಾಸ್ತರ ಆರು ಹೊಲಕ್ಕ ಚೆಲ್ಲ್ಯಾರ. ಪುಣ್ಯೇದ ಕೆಲಸ."

ಸುಧಾ ನಕ್ಕಳು. ಅವಳನ್ನು ನಗಿಸಿದ್ದೂ ಅವನೇ!

ಸುಗ್ಗಿ ಬಂತು. ಯಾರೂ ಇಲ್ಲದ ಹೊತ್ತು ನೋಡಿ ಟೇಪು ಹಿಡಿದು ಆರನೆಯ ಒಡ್ಡಿನ ಮೇಲೆ ನಿಂತೆ. ಈಚೆ ನನ್ನ ಜೋಳ, ತೆನೆ ಹೆಬ್ಬೆರಳಿನಷ್ಟು. ಆಚೆ, ಹೋಳಿಗೆ ಬಿದ್ದ ಸಾಲಿನಲ್ಲಿ, ತೆನೆ ಎರಡು ಮುಷ್ಟಿಯಷ್ಟು. ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ನನ್ನ ಹೊಟ್ಟೆಕಿಚ್ಚಿಗೆ ನಾನೇ, ನನ್ನ ಹೆಂಡತಿಯ ಕೈಯಡುಗೆಯನ್ನೇ, ಗೊಬ್ಬರವಾಗಿ ಸುರಿದಿದ್ದೆ.

ಉಳಿದ ಐದು ಹೊಲದವರು ಈಗ ದಾರಿಯಲ್ಲಿ ಸಿಕ್ಕರೆ ನನಗೆ ಸೆಲ್ಯೂಟ್ ಹೊಡೆಯುತ್ತಾರೆ. "ಮಾಸ್ತರ, ಬರೋ ಅಮಾಸಿಗೂ ನಮ್ಮ ಹೊಲದಾಗಿಂದನ ಹಾಯ್ರಿ! ಆದ್ರ ಈ ಸಲ ನಮ್ಮ ಕಡೆ ಹೋಳಿಗಿ ಬುಟ್ಟಿ ಬೀಳಲಿ" ಎನ್ನುತ್ತಾರೆ.

ಮೊನ್ನೆ ಮೈಬೂಬನ ಮನೆಗೆ ಹೋಗಿ ಆ ಕೊಂಡಿಯನ್ನು ಕೇಳಿ ತಂದೆ. ಟ್ರೇಲರಿಗೆ ಹಾಕಿದೆ. ಸರಿಯಾಗಿ ಕೂತಿತು. ಅದು ಅಷ್ಟು ಸರಿಯಾಗಿ ಕೂತದ್ದನ್ನೂ ನನಗೆ ಸಹಿಸಲಾಗಲಿಲ್ಲ.